ನೆಂಟರು

ತಿತಿಮತಿಯಲ್ಲಿ ರೇಷನ್ ಅಂಗಡಿಯ ಮಹಡಿ.
ಎರಡು ಪರದೆ, ಒಂದು ಹೀಟರ್,
ಕರೆಂಟು ಹೋದರೆ ಗೊಣಗುವ ಯುಪಿಎಸ್.
ರಾತ್ರಿಪಾಳಿಯ ಪುಸ್ತಕದಲ್ಲಿ ನನ್ನ ಸಹಿ: ಚೋಂದಮ್ಮ.

ನಾವು ನಡೆಸುವ ಚೌಕಟ್ಟಿಗೆ ಯಾರೋ
ಒಂಟೆಯ ಹೆಸರಿಟ್ಟಿದ್ದಾರೆ.
ಮರಳು ಕಾಣದ ಈ ಸೀಮೆಯಲ್ಲಿ ಅದು
ಇರುಳಿಡೀ ಆನೆ ಹೊರುತ್ತದೆ.

ಕೆಲಸ ಇಷ್ಟೇ: ಬಂದದ್ದನ್ನು ತಗೋ,
ಮುಟ್ಟಬೇಕಾದವರಿಗೆ ಮುಟ್ಟಿಸು.
ಮಾಲ್ದಾರೆಯ ಕಂಬದ ಕ್ಯಾಮೆರಾ ಅಂಕಿಗಳಲ್ಲಿ ಮಾತಾಡುತ್ತದೆ,
ಗಾರ್ಡ್ ಬೆಳ್ಯಪ್ಪ ಅರೆಭಾಷೆಯಲ್ಲಿ,
ಎಸ್ಟೇಟ್ ರೈಟರ್ ಹಂಸ ಮಲಯಾಳದಲ್ಲಿ,
ಕಾವಲಿನ ಚಾತ, ಎರವ ನುಡಿ ಬೆರೆತ ಕನ್ನಡದಲ್ಲಿ.

ದಾರಿಯ ನಡುನಡುವೆ ಪುಟ್ಟ ಸ್ಕ್ರಿಪ್ಟುಗಳು
ಸುಂಕದ ಕಟ್ಟೆಯ ಹಾಗೆ ಕೂತಿವೆ.
ಒಂದು ಪೈಥಾನಿನದು, ನನಗಿಂತ ಮೊದಲಿದ್ದವನು ಬರೆದದ್ದು,
ಒಂದು ಸ್ಪೇಸ್ ಹೆಚ್ಚಾದರೂ ಮುಖ ಊದಿಸುತ್ತದೆ.
ಒಂದು ಗ್ರೂವಿ. ಬಾಯಿಬಿಟ್ಟು ಹೇಳುವುದಿಲ್ಲ,
ಕೊನೆಯ ಸಾಲಲ್ಲಿ ಉಳಿದದ್ದೇ ಉತ್ತರ.
ಇನ್ನೊಂದು ಜಾವಾಸ್ಕ್ರಿಪ್ಟ್,
ಇಲ್ಲದ್ದನ್ನೂ ಕೂಡಿಸಿ ಲೆಕ್ಕ ಒಪ್ಪಿಸುವ ಮೈದುನನಂಥದು.
ಒಂದರ ಮಾತು ಇನ್ನೊಂದಕ್ಕೆ ತಿಳಿಯದು,
ತಿಳಿಯಬೇಕೆಂದೂ ಇಲ್ಲ.
ಕೈಯಿಂದ ಕೈಗೆ ದಾಟುವ ಬುಟ್ಟಿ ಒಂದೇ;
ಇಳಿಸುವಾಗ ಚೆಲ್ಲದಿದ್ದರೆ ಸಾಕು.

ನನ್ನದೂ ಒಂದಿದೆ. ಮೂರು ಸಾಲಿನ ಫಿಲ್ಟರ್.
ಸಂದೇಶದಲ್ಲಿ, ಯಾವ ನುಡಿಯದಾದರೂ ಸರಿ,
ಆನೆ ಇದ್ದರೆ ಮುಂದೆ ಬಿಡು,
ಇಲ್ಲದಿದ್ದರೆ ಪೆಟ್ಟಿಗೆಗೆ ಹಾಕು.
ಎಂಟು ಭಾಷೆಯ ಆನೆಗಳನ್ನು ಸಾಲಾಗಿ ನಿಲ್ಲಿಸಿದ್ದೆ,
ಅಸ್ಸಾಮಿನಿಂದ ಕೊಯ್ಲಿಗೆ ಬಂದವರ ಹಾತಿಯನ್ನೂ.
ಹೆಮ್ಮೆಯಿತ್ತು.

ಡಿಸೆಂಬರಿನ ಒಂದು ಬೆಳಗ್ಗೆ
ಕಾಫಿ ಕೊಯ್ಯಲು ಬಂದವರು ಕಂಡದ್ದು
ಮಗ್ಗುಲಾದ ಗೇಟು, ಒಡೆದ ನೀರಿನ ಟ್ಯಾಂಕು,
ಕೆಸರಲ್ಲಿ ತಟ್ಟೆಯಗಲದ ಹೆಜ್ಜೆ.
ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು.
ಸಾಹೇಬರು ಕೇಳಿದರು: ಚಾತ ಎಲ್ಲಿ ಸತ್ತಿದ್ದ?

ದಾರಿ ಸಿಗದ ಸಂದೇಶಗಳು ಬೀಳುವ ಮೂಲೆಗೆ ನಾವು
ಸತ್ತ ಓಲೆಗಳ ಪೆಟ್ಟಿಗೆ ಅನ್ನುತ್ತೇವೆ.
ಕೆದಕಿದೆ.
ಎರಡು ಹತ್ತು: ನೆಂಟರು ಬಂದರು. ಏಳು ಜನ. ಒಂದು ಕೂಸು.
ಎರಡು ಮೂವತ್ತು: ನೆಂಟರು ಗೇಟಿನ ಹತ್ತಿರ.
ಎರಡು ಐವತ್ತು: ಅಕ್ಕಾ, ಮಲಗಿದ್ದೀರಾ?

ಕತ್ತಲಲ್ಲಿ ಅವರ ಹೆಸರೆತ್ತಬಾರದಂತೆ,
ಎತ್ತಿದರೆ ಕರೆದ ಹಾಗಂತೆ.
“ನಮ್ಮಪ್ಪನೂ ಎತ್ತಲಿಲ್ಲ” ಅಂದ ಚಾತ,
ಬೀಡಿಯ ಬೂದಿ ಬೆರಳಲ್ಲಿ ತಟ್ಟುತ್ತ.
“ನಿಮ್ಮ ಮಿಷನ್ನಿಗೆ ಇಷ್ಟೂ ಗೊತ್ತಿಲ್ಲವಾ?”

ನಾಲ್ಕನೆಯ ಸಾಲು ಸೇರಿಸಿದೆ:
ಕಳಿಸಿದವನು ಚಾತನಾದರೆ
ನೆಂಟರೆಂದರೆ ಆನೆ.

ಫೆಬ್ರವರಿ, ಶನಿವಾರ, ಸಂಜೆ ಏಳು.
ನೆಂಟರು ಬಂದರು. ಅರವತ್ತು ಜನ. ಅಕ್ಕಾ, ನೀವೂ ಬನ್ನಿ.
ಪೈಥಾನ್ ಎಣಿಸಿತು, ಗ್ರೂವಿ ತಲೆಯಾಡಿಸಿತು,
ಮೈದುನ ಇನ್ನೊಂದು ಕೂಡಿಸದಿದ್ದದ್ದೇ ಪುಣ್ಯ.
ಐದು ನುಡಿಗಳಲ್ಲಿ, ನಾಲ್ಕು ಸಾವಿರ ಫೋನುಗಳಲ್ಲಿ
ಅರವತ್ತು ಆನೆ.
ಎಸ್ಟೇಟಿನ ಗೇಟುಗಳು ಧಡಧಡ ಮುಚ್ಚಿದವು.
ಗೋಣಿಕೊಪ್ಪದ ಕೊನೆಯ ಬಸ್ಸು ದಾರಿಯಲ್ಲೇ ದೀಪ ಆರಿಸಿ ನಿಂತಿತು.
ಬೆಳ್ಯಪ್ಪ ಪಟಾಕಿ ಚೀಲ ಹೊತ್ತು ಜೀಪು ಹತ್ತಿದ,
ನಾನು ಹಿಂದಿನ ಸೀಟು.

ಲೈನ್ ಮನೆಯ ಅಂಗಳದಲ್ಲಿ ದುಡಿ ಬಡಿಯುತ್ತಿತ್ತು.
ಚಾತನ ಮಗಳ ಮದುವೆ.
ಪಟಾಕಿ ಮದುಮಗಳ ಮುಂದೆಯೇ ಖರ್ಚಾಯಿತು,
ಬೆಳ್ಯಪ್ಪ ಎರಡು ಸಲ ಉಂಡ,
ಸಾಹೇಬರಿಗೆ ಉತ್ತರ ಬರೆದದ್ದು ನಾನು.

ಈಗ ಐದನೆಯ ಸಾಲಿದೆ.
ನೆಂಟರೆಂದರೆ ಸ್ಕ್ರಿಪ್ಟ್ ತಾನೇ ತೀರ್ಮಾನಿಸುವುದಿಲ್ಲ,
ಅವನ ಫೋನಿಗೇ ತಿರುಗಿ ಕೇಳುತ್ತದೆ:
ಯಾವ ನೆಂಟರು?

ನಿನ್ನೆ ಎರಡೂವರೆಗೆ ಉತ್ತರ ಬಂತು:
ಎಲೆ ಹಾಕುವ ತನಕ ಕಾಯದವರು.

ಪೈಥಾನಿಗೆ ತಿಳಿಯಲಿಲ್ಲ. ಗ್ರೂವಿಯ ಕೊನೆಯ ಸಾಲು ಖಾಲಿ.
ಪೆಟ್ಟಿಗೆಗೆ ಬೀಳುವ ಸದ್ದಿಲ್ಲದ ಸದ್ದು.
ನಾನು ಎಚ್ಚರವಿದ್ದೆ.
ನಗುತ್ತಲೇ ಎದ್ದು,
ಸೈರನ್ನಿನ ಗುಂಡಿಯನ್ನು
ಕೈಯಾರೆ ಒತ್ತಿದೆ.